ಎರಡನೆಯ ಹೆಸರು: 1944ರ ಷಿಕಾಗೊ ಮಹಾಧಿವೇಶನ ಮತ್ತು ಅಮೆರಿಕದ ಉಪಾಧ್ಯಕ್ಷರ ಆಯ್ಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನವು ಉಪಾಧ್ಯಕ್ಷರಿಗೆ ವಹಿಸಿರುವ ನಿತ್ಯದ ಕೆಲಸ ಬಹಳ ಕಡಿಮೆ. ಸೆನೆಟ್ಟಿನ ಅಧ್ಯಕ್ಷಪೀಠದಲ್ಲಿ ಕೂರುವುದು ಮತ್ತು ಅಲ್ಲಿ ಮತಗಳು ಸಮವಾದಾಗ ನಿರ್ಣಾಯಕ ಮತ ಹಾಕುವುದು, ಇಷ್ಟೇ. ಆದರೆ ಅಧ್ಯಕ್ಷರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರೆ ಮರುಚುನಾವಣೆಯಿಲ್ಲದೆ, ಯಾರ ಒಪ್ಪಿಗೆಯನ್ನೂ ಕೇಳದೆ, ಇಡೀ ರಾಷ್ಟ್ರದ ಆಡಳಿತ ಅದೇ ವ್ಯಕ್ತಿಯ ಕೈಗೆ ಹೋಗುತ್ತದೆ. 1841ರಿಂದ 1923ರ ವರೆಗಿನ ಅವಧಿಯಲ್ಲಿ ಆರು ಬಾರಿ ಹೀಗಾಗಿತ್ತು. ಆದರೂ ಪಕ್ಷಗಳು ಈ ಹುದ್ದೆಗೆ ಅಭ್ಯರ್ಥಿಯನ್ನು ಆರಿಸುವಾಗ ಆ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಅಪರೂಪ. ಅವರ ಲೆಕ್ಕವೆಲ್ಲ ನವೆಂಬರಿನ ಮತದಾನದವರೆಗೆ ಮಾತ್ರ ಹೋಗುತ್ತಿತ್ತು.

ಈ ಲೆಕ್ಕಾಚಾರದ ಬೇರು ಸಂವಿಧಾನದ ಒಂದು ತಿದ್ದುಪಡಿಯಲ್ಲಿದೆ. ಮೂಲ ವ್ಯವಸ್ಥೆಯಲ್ಲಿ ಪ್ರತಿ ರಾಜ್ಯದ ಮತದಾರ ಮಂಡಳಿಯ ಸದಸ್ಯರು, ಎಂದರೆ ಅಧ್ಯಕ್ಷರನ್ನು ವಿಧಿವತ್ತಾಗಿ ಚುನಾಯಿಸುವ ಪ್ರತಿನಿಧಿಗಳು, ತಲಾ ಎರಡು ಮತ ಹಾಕುತ್ತಿದ್ದರು. ಬಹುಮತದೊಂದಿಗೆ ಮೊದಲು ಬಂದವರು ಅಧ್ಯಕ್ಷರು, ನಂತರದವರು ಉಪಾಧ್ಯಕ್ಷರು. 1796ರಲ್ಲಿ ಇದರಿಂದಾಗಿ ಜಾನ್ ಆಡಮ್ಸ್ ಅಧ್ಯಕ್ಷರಾದರೆ ಅವರ ಎದುರಾಳಿ ಥಾಮಸ್ ಜೆಫರ್ಸನ್ ಅವರೇ ಉಪಾಧ್ಯಕ್ಷರಾದರು. 1800ರಲ್ಲಿ ಜೆಫರ್ಸನ್ ಮತ್ತು ಅವರದೇ ಪಕ್ಷದ ಆರನ್ ಬರ್ ಇಬ್ಬರಿಗೂ 73 ಮತಗಳು ಬಂದು, ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿದ ಮೇಲಷ್ಟೇ ಇತ್ಯರ್ಥವಾಯಿತು. ಈ ಗೋಜಲು ಮರುಕಳಿಸಬಾರದೆಂದು 1804ರಲ್ಲಿ ಬಂದ ಹನ್ನೆರಡನೆಯ ತಿದ್ದುಪಡಿ ಎರಡು ಹುದ್ದೆಗಳಿಗೆ ಎರಡು ಪ್ರತ್ಯೇಕ ಮತಗಳನ್ನು ಗೊತ್ತುಮಾಡಿತು. ಅಲ್ಲಿಂದ ಮುಂದೆ ಎರಡನೆಯ ಸ್ಥಾನವೆಂಬುದು ಎರಡನೆಯ ಅತ್ಯುತ್ತಮ ವ್ಯಕ್ತಿಯ ಸ್ಥಾನವಾಗಿ ಉಳಿಯದೆ, ಮೊದಲನೆಯವರ ಕೊರತೆಯನ್ನು ತುಂಬುವ ಸ್ಥಾನವಾಯಿತು. ಕನ್ನಡದ ಚುನಾವಣಾ ಮಾತಿನಲ್ಲಿ ಟಿಕೆಟ್ ಎಂದರೆ ಪಕ್ಷವು ಒಬ್ಬರಿಗೆ ಕೊಡುವ ಅವಕಾಶ; ಅಮೆರಿಕದಲ್ಲಿ ಆ ಪದ ಜೋಡಿಯಾಗಿ ಮತ ಕೇಳುವ ಇಬ್ಬರನ್ನು ಸೂಚಿಸುತ್ತದೆ. ಅಧ್ಯಕ್ಷ ಪದವಿಯ ಅಭ್ಯರ್ಥಿ ಉತ್ತರದವರಾದರೆ ಜೊತೆಗಾರರು ದಕ್ಷಿಣದವರು, ಅವರು ಸುಧಾರಣಾವಾದಿಯಾದರೆ ಇವರು ಸಂಪ್ರದಾಯಸ್ಥರು ಎಂಬ ತೂಕದ ಕ್ರಮಕ್ಕೆ ‘ಟಿಕೆಟ್ಟಿನ ಸಮತೋಲನ’ ಎಂಬ ಹೆಸರೇ ಬಂದಿತು.

ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮೊದಲ ಚುನಾವಣೆಯೇ ಇದಕ್ಕೆ ಒಳ್ಳೆಯ ನಿದರ್ಶನ. 1932ರ ಡೆಮಾಕ್ರಟಿಕ್ ಅಧಿವೇಶನದಲ್ಲಿ ಅವರಿಗೆ ಬೇಕಾದ ಮೂರನೆಯ ಎರಡರಷ್ಟು ಮತ ಸಿಗದೆ ಹೋದಾಗ, ಟೆಕ್ಸಸ್‌ನ ಜಾನ್ ನ್ಯಾನ್ಸ್ ಗಾರ್ನರ್ ತಮ್ಮ ಬೆಂಬಲಿಗರಾದ ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾದ ಪ್ರತಿನಿಧಿಗಳನ್ನು ಬಿಟ್ಟುಕೊಟ್ಟರು. ಉಪಾಧ್ಯಕ್ಷ ಪದವಿ ಅದರ ಬೆಲೆಯಾಯಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಸಂಖ್ಯೆಯನ್ನು ಹೆಚ್ಚಿಸಲು ರೂಸ್‌ವೆಲ್ಟ್ 1937ರಲ್ಲಿ ಮಾಡಿದ ಪ್ರಯತ್ನದ ಹೊತ್ತಿಗೆ ಇಬ್ಬರ ಸಂಬಂಧ ಹಳಸಿತು. 1940ರಲ್ಲಿ ಮೂರನೆಯ ಬಾರಿಗೆ ನಿಲ್ಲಲು ಒಪ್ಪಿದ ರೂಸ್‌ವೆಲ್ಟ್, ಪಕ್ಷದ ಮುಖಂಡರು ಆರಿಸಿಕೊಡುವ ಹಳೆಯ ಪದ್ಧತಿಯನ್ನು ತಳ್ಳಿಹಾಕಿ, ತಮ್ಮ ಕೃಷಿ ಸಚಿವ ಹೆನ್ರಿ ವ್ಯಾಲೇಸ್ ಅವರೇ ಜೊತೆಗಾರರಾಗಬೇಕು, ಇಲ್ಲವಾದರೆ ತಾವೂ ನಿಲ್ಲುವುದಿಲ್ಲ ಎಂದು ಪಟ್ಟುಹಿಡಿದರು. ಷಿಕಾಗೊದಲ್ಲಿ ಸೇರಿದ್ದ ಪ್ರತಿನಿಧಿಗಳನ್ನು ಸಮಾಧಾನಪಡಿಸಲು ಎಲಿನೋರ್ ರೂಸ್‌ವೆಲ್ಟ್ ಅವರೇ ಬಂದು ಮಾತನಾಡಬೇಕಾಯಿತು. ವ್ಯಾಲೇಸ್ ಆಯ್ಕೆಯಾದರು; ಸಭೆ ಎಷ್ಟು ಕೆರಳಿತ್ತೆಂದರೆ ಅವರು ಸ್ವೀಕಾರ ಭಾಷಣವನ್ನೂ ಮಾಡಲಿಲ್ಲ. ಅಭ್ಯರ್ಥಿಯೇ ತನ್ನ ಜೊತೆಗಾರನನ್ನು ಗೊತ್ತುಮಾಡುವ ಇಂದಿನ ರೂಢಿಗೆ ಬಲವಾದ ಬುನಾದಿ ಬಿದ್ದದ್ದು ಹೀಗೆ, ಬೆದರಿಕೆಯ ಮೂಲಕ.

ವ್ಯಾಲೇಸ್ ರಾಜಕಾರಣಿಗಳ ಜಾತಿಗೆ ಸೇರಿದವರಾಗಿರಲಿಲ್ಲ. 1888ರಲ್ಲಿ ಅಯೊವಾದಲ್ಲಿ ಹುಟ್ಟಿದ ಅವರು ಮನೆತನದ ಕೃಷಿ ಪತ್ರಿಕೆಯ ಸಂಪಾದಕರಾಗಿದ್ದವರು, ಮುಸುಕಿನ ಜೋಳದ ಸಂಕರಣ ತಳಿಗಳ ಮೇಲೆ ಸ್ವತಃ ಪ್ರಯೋಗ ನಡೆಸಿ 1926ರಲ್ಲಿ ಬೀಜದ ಕಂಪನಿ ಕಟ್ಟಿದವರು. ಅವರ ತಂದೆ ರಿಪಬ್ಲಿಕನ್ ಸರ್ಕಾರಗಳಲ್ಲಿ ಕೃಷಿ ಸಚಿವರಾಗಿದ್ದರು; ಸ್ವತಃ ಅವರೂ ಬಹಳ ಕಾಲ ಅದೇ ಪಕ್ಷದ ಕಡೆಗಿದ್ದವರು. ಸೆನೆಟ್ಟಿನಲ್ಲಿ ಗೆಳೆಯರನ್ನು ಮಾಡಿಕೊಳ್ಳುವ ಕಲೆ ಅವರಿಗೆ ಒಲಿಯಲಿಲ್ಲ. ಅವರ ಆಧ್ಯಾತ್ಮಿಕ ಕುತೂಹಲವೂ ಪಕ್ಷಕ್ಕೆ ತಲೆನೋವಾಗಿತ್ತು: ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿದ್ದ ರಷ್ಯನ್ ಚಿತ್ರಕಾರ ನಿಕೊಲಾಯ್ ರೋರಿಚ್ ಅವರನ್ನು ಗುರುವೆಂದು ಸಂಬೋಧಿಸಿ ವ್ಯಾಲೇಸ್ ಬರೆದಿದ್ದ ಪತ್ರಗಳು 1940ರಲ್ಲೇ ರಿಪಬ್ಲಿಕನ್ನರ ಕೈಸೇರಿದ್ದವು, ಅವರ ಅಭ್ಯರ್ಥಿ ವೆಂಡೆಲ್ ವಿಲ್ಕೀ ಅವರ ವಿವಾಹೇತರ ಸಂಬಂಧದ ಸುದ್ದಿ ಡೆಮಾಕ್ರಟರ ಬಳಿ ಇದ್ದುದರಿಂದ ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡರು. ಈ ರೋರಿಚ್ ಅವರ ಮಗ ಸ್ವೆತೊಸ್ಲಾವ್ ಮುಂದೆ ನಟಿ ದೇವಿಕಾ ರಾಣಿಯವರನ್ನು ವರಿಸಿ ಬೆಂಗಳೂರಿನ ಹೊರವಲಯದ ತಾತಗುಣಿಯ ತೋಟದಲ್ಲಿ ನೆಲೆಸಿದವರು. ಕನಕಪುರ ರಸ್ತೆಯ ಆ ತೋಟವನ್ನು ಬಲ್ಲ ಕನ್ನಡಿಗರು ಹಲವರಿದ್ದಾರೆ. ಆ ಮನೆತನದ ಹೆಸರು ಒಮ್ಮೆ ಅಮೆರಿಕದ ಚುನಾವಣೆಯನ್ನೇ ಅಲುಗಿಸಬಹುದಾಗಿತ್ತೆಂಬುದನ್ನು ಬಲ್ಲವರು ಕಡಿಮೆ.

ಆದರೆ ವ್ಯಾಲೇಸ್ ಅವರ ವಿರೋಧಿಗಳನ್ನು ಒಂದುಗೂಡಿಸಿದ್ದು ಅವರ ಗುರುಭಕ್ತಿಯಲ್ಲ, ಅವರ ರಾಜಕಾರಣ. 1942ರ ಮೇ ತಿಂಗಳಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ಅವರು ಯುದ್ಧಾನಂತರದ ಶತಮಾನ ಸಾಮಾನ್ಯ ಮನುಷ್ಯನದಾಗಬೇಕೆಂದು ಸಾರಿದರು. ವಸಾಹತುಗಳು ಬಿಡುಗಡೆಯಾಗಬೇಕೆಂಬ ಅವರ ನಿಲುವು, ಭಾರತವನ್ನೂ ಒಳಗೊಂಡು, ಬ್ರಿಟಿಷರನ್ನು ಕೆರಳಿಸಿತು. ಕಪ್ಪು ಜನರ ಸಮಾನತೆಯ ಬಗ್ಗೆ ಅವರಾಡಿದ ಮಾತುಗಳು ದಕ್ಷಿಣದ ಡೆಮಾಕ್ರಟರಿಗೆ ಸಹಿಸದಾದವು. ಯುದ್ಧಕಾಲದ ಖರೀದಿಗಳ ವಿಷಯದಲ್ಲಿ ವಾಣಿಜ್ಯ ಸಚಿವ ಜೆಸ್ಸಿ ಜೋನ್ಸ್ ಅವರೊಂದಿಗೆ ಬಹಿರಂಗವಾಗಿ ಜಗಳವಾದಾಗ, ರೂಸ್‌ವೆಲ್ಟ್ 1943ರ ಜುಲೈಯಲ್ಲಿ ವ್ಯಾಲೇಸ್ ನಡೆಸುತ್ತಿದ್ದ ಮಂಡಳಿಯನ್ನೇ ರದ್ದುಮಾಡಿದರು. ಉಪಾಧ್ಯಕ್ಷರ ಮೇಲೆ ಅಧ್ಯಕ್ಷರ ಕೃಪೆ ಇನ್ನಿಲ್ಲವೆಂದು ವಾಷಿಂಗ್ಟನ್ನಿನ ಚತುರರು ಅಂದೇ ಓದಿಕೊಂಡರು.

ಇಷ್ಟಾದರೂ ಸಾಮಾನ್ಯ ವರ್ಷವಾಗಿದ್ದರೆ ಪಕ್ಷ ಗೊಣಗುತ್ತ ವ್ಯಾಲೇಸ್ ಅವರನ್ನೇ ಮತ್ತೆ ಹೊತ್ತುಕೊಳ್ಳುತ್ತಿತ್ತೇನೋ. 1944 ಹಾಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಬೆಥೆಸ್ಡಾದ ನೌಕಾ ಆಸ್ಪತ್ರೆಯಲ್ಲಿ ಯುವ ಹೃದ್ರೋಗ ತಜ್ಞ ಹೊವರ್ಡ್ ಬ್ರೂಯೆನ್ ಅಧ್ಯಕ್ಷರನ್ನು ಪರೀಕ್ಷಿಸಿ, ರಕ್ತದ ಒತ್ತಡ 186/108 ಇರುವುದನ್ನೂ, ಹೃದಯ ಹಿಗ್ಗಿ ಸೋಲುತ್ತಿರುವುದನ್ನೂ ಕಂಡುಕೊಂಡರು. ಅಧ್ಯಕ್ಷರ ಅಧಿಕೃತ ವೈದ್ಯರಾಗಿದ್ದ ಅಡ್ಮಿರಲ್ ರಾಸ್ ಮ್ಯಾಕಿಂಟೈರ್ ಮಾತ್ರ ವಯಸ್ಸಿಗೆ ತಕ್ಕ ಆರೋಗ್ಯವಿದೆಯೆಂದೇ ಪತ್ರಕರ್ತರಿಗೆ ಹೇಳುತ್ತ ಬಂದರು. ಬ್ರೂಯೆನ್ ಅವರ ಟಿಪ್ಪಣಿಗಳು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದದ್ದು 1970ರಲ್ಲಿ. ಆದರೆ ರೂಸ್‌ವೆಲ್ಟ್ ಅವರನ್ನು ಹತ್ತಿರದಿಂದ ಕಾಣುತ್ತಿದ್ದ ಪಕ್ಷದ ಮುಖಂಡರಿಗೆ ವೈದ್ಯರ ವರದಿ ಬೇಕಿರಲಿಲ್ಲ. ಇಳಿದ ಕೆನ್ನೆ, ನಡುಗುವ ಕೈ, ಮಾತಿನ ನಡುವೆ ಕಳೆದುಹೋಗುವ ದೃಷ್ಟಿ ಅವರಿಗೆ ಸಾಕಾಗಿದ್ದವು. ಪಕ್ಷದ ಖಜಾಂಚಿಯಾಗಿದ್ದ ಕ್ಯಾಲಿಫೋರ್ನಿಯಾದ ತೈಲೋದ್ಯಮಿ ಎಡ್ವಿನ್ ಪಾಲೀ, ಈ ಬಾರಿ ಆರಿಸಬೇಕಾಗಿರುವುದು ಉಪಾಧ್ಯಕ್ಷರನ್ನಲ್ಲ, ಮುಂದಿನ ಅಧ್ಯಕ್ಷರನ್ನು ಎಂಬ ಮಾತನ್ನು ಪ್ರಚಾರದ ಮಂತ್ರವನ್ನಾಗಿ ಮಾಡಿಕೊಂಡರು. ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಸೇಂಟ್ ಲೂಯಿಸ್‌ನ ರಾಬರ್ಟ್ ಹ್ಯಾನೆಗನ್, ನ್ಯೂಯಾರ್ಕಿನ ಬ್ರಾಂಕ್ಸ್‌ನ ಎಡ್ವರ್ಡ್ ಫ್ಲಿನ್, ಷಿಕಾಗೊದ ಮೇಯರ್ ಎಡ್ವರ್ಡ್ ಕೆಲ್ಲಿ ಮೊದಲಾದವರು ಅವರೊಂದಿಗೆ ಕೈಜೋಡಿಸಿದರು. ಇವರೆಲ್ಲ ನಗರಗಳ ಪಕ್ಷಯಂತ್ರವನ್ನು ನಡೆಸುತ್ತಿದ್ದ ಧಣಿಗಳು. ಕೆಲಸ, ಗುತ್ತಿಗೆ, ಉಪಕಾರಗಳನ್ನು ಹಂಚಿ ಅದಕ್ಕೆ ಬದಲಾಗಿ ಮತಗಳನ್ನು ಕೂಡಿಸುವುದು ಆ ಯಂತ್ರದ ಕೆಲಸ.

ಅಧ್ಯಕ್ಷರು ಸಾಯಬಹುದೆಂದು ಬಲ್ಲ ಈ ಜನ, ಸತ್ತ ಮೇಲೆ ರಾಷ್ಟ್ರವನ್ನು ಯಾರು ಚೆನ್ನಾಗಿ ನಡೆಸಬಲ್ಲರೆಂಬ ಪ್ರಶ್ನೆಯನ್ನು ಎಷ್ಟರಮಟ್ಟಿಗೆ ಕೇಳಿಕೊಂಡರು? ಜುಲೈ 11ರ ರಾತ್ರಿ ಶ್ವೇತಭವನದಲ್ಲಿ ಊಟವಾದ ಮೇಲೆ ರೂಸ್‌ವೆಲ್ಟ್ ಅವರ ಜೊತೆ ಅವರು ನಡೆಸಿದ ಮಾತುಕತೆಯ ಬಗ್ಗೆ ಉಳಿದಿರುವ ನೆನಪುಗಳು ಇದಕ್ಕೆ ಸೋಜಿಗದ ಉತ್ತರ ಕೊಡುತ್ತವೆ. ಒಬ್ಬೊಬ್ಬರ ಹೆಸರು ಬಂದಾಗಲೂ ಅವರ ಯೋಗ್ಯತೆಗಿಂತ, ಅವರಿಂದ ಯಾವ ಮತಗಳು ನಷ್ಟವಾಗುತ್ತವೆ ಎಂಬುದೇ ಚರ್ಚೆಯಾಯಿತು. ಯುದ್ಧಕಾಲದ ಆಂತರಿಕ ಆಡಳಿತವನ್ನೆಲ್ಲ ನೋಡಿಕೊಳ್ಳುತ್ತ ‘ಸಹಾಯಕ ಅಧ್ಯಕ್ಷ’ರೆನಿಸಿದ್ದ ದಕ್ಷಿಣ ಕೆರೊಲಿನಾದ ಜೇಮ್ಸ್ ಬರ್ನ್ಸ್ ಅನುಭವದಲ್ಲಿ ಎಲ್ಲರಿಗಿಂತ ಮೇಲು, ಆದರೆ ಅವರು ವರ್ಣಭೇದದ ಸಮರ್ಥಕರು, ಕಾರ್ಮಿಕ ಸಂಘಗಳಿಗೆ ಬೇಡವಾದವರು, ಹುಟ್ಟಿದ ಕ್ಯಾಥೊಲಿಕ್ ಮತವನ್ನು ಬಿಟ್ಟವರು. ದಕ್ಷಿಣದಿಂದ ವಲಸೆ ಬಂದ ಕಪ್ಪು ಜನರ ಮತಗಳು ನ್ಯೂಯಾರ್ಕ್, ಇಲಿನಾಯ್‌ನಂಥ ದೊಡ್ಡ ರಾಜ್ಯಗಳ ಫಲಿತಾಂಶವನ್ನು ತಿರುಗಿಸಬಲ್ಲವಾಗಿದ್ದಾಗ ಇದು ಸಣ್ಣ ಮಾತಾಗಿರಲಿಲ್ಲ. ಸೆನೆಟ್ಟಿನ ನಾಯಕ ಆಲ್ಬನ್ ಬಾರ್ಕ್ಲಿ ಅವರಿಗೆ 66 ವರ್ಷ, ವಯಸ್ಸಾಯಿತು ಎಂದರು. ಸ್ಪೀಕರ್ ಸ್ಯಾಮ್ ರೇಬರ್ನ್ ಅವರ ಟೆಕ್ಸಸ್ ಪ್ರತಿನಿಧಿಗಳಲ್ಲೇ ಒಡಕಿತ್ತು. ರೂಸ್‌ವೆಲ್ಟ್ ತಾವೇ ಎತ್ತಿದ ಹೆಸರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರದು. ಅದಕ್ಕೆ ಧಣಿಗಳಲ್ಲಿ ಯಾರೂ ಉತ್ಸಾಹ ತೋರಲಿಲ್ಲ.

ಉಳಿದವರು ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್. ಉತ್ತರಕ್ಕೂ ದಕ್ಷಿಣಕ್ಕೂ ಪೂರ್ತಿ ಸೇರದ ಗಡಿರಾಜ್ಯದವರು. ಒಮ್ಮೆ ಬಟ್ಟೆ ಅಂಗಡಿ ಇಟ್ಟು ಸೋತವರು. ಕಾನ್ಸಸ್ ನಗರದ ಪೆಂಡರ್ಗಾಸ್ಟ್ ಎಂಬ ಧಣಿಯ ಕೃಪೆಯಿಂದ ರಾಜಕೀಯಕ್ಕೆ ಬಂದವರಾದರೂ ಸ್ವಂತಕ್ಕೆ ಕೈ ಮೈಲಿಗೆ ಮಾಡಿಕೊಳ್ಳದವರು. 1941ರಿಂದ ರಕ್ಷಣಾ ಗುತ್ತಿಗೆಗಳ ದುಂದುವೆಚ್ಚವನ್ನು ತನಿಖೆ ಮಾಡಿದ ಸೆನೆಟ್ ಸಮಿತಿಯ ಅಧ್ಯಕ್ಷರಾಗಿ ಅವರು ದೇಶಕ್ಕೆಲ್ಲ ಪರಿಚಿತರಾಗಿದ್ದರು. ಕಾರ್ಮಿಕರು, ದಕ್ಷಿಣದವರು, ನಗರಗಳ ಧಣಿಗಳು, ಯಾರಿಗೂ ಅವರ ಮೇಲೆ ದೊಡ್ಡ ಆಕ್ಷೇಪವಿರಲಿಲ್ಲ. ಅವರ ವಯಸ್ಸೆಷ್ಟೆಂದು ರೂಸ್‌ವೆಲ್ಟ್ ಕೇಳಿ, ಕಾಂಗ್ರೆಸ್ಸಿನ ಕೈಪಿಡಿಯನ್ನು ತರಿಸಿದರಂತೆ. ಪುಸ್ತಕ ಬರುವ ಹೊತ್ತಿಗೆ ಮಾತು ಬೇರೆಡೆ ಹೊರಳಿತ್ತು, ಪಾಲೀ ಅದನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಟ್ರೂಮನ್ ಅವರಿಗೆ ಆಗ ತುಂಬಿದ್ದು 60.

ಇದಾದ ಮೇಲೂ ರೂಸ್‌ವೆಲ್ಟ್ ನಡೆದುಕೊಂಡ ರೀತಿ ಇತಿಹಾಸಕಾರರನ್ನು ಇಂದಿಗೂ ಕಾಡುತ್ತದೆ. ಸೈಬೀರಿಯಾ ಮತ್ತು ಚೀನಾ ಪ್ರವಾಸ ಮುಗಿಸಿ ಆ ಭೋಜನದ ಹಿಂದಿನ ದಿನವಷ್ಟೇ ಮರಳಿದ್ದ ವ್ಯಾಲೇಸ್ ಅವರಿಗೆ, ಹಳೆಯ ಜೋಡಿಯೇ ಮುಂದುವರಿಯಲಿ ಎಂಬ ಅರ್ಥ ಬರುವಂತೆ ಮಾತಾಡಿದರು. ತಾವು ಪ್ರತಿನಿಧಿಯಾಗಿದ್ದರೆ ಅವರಿಗೇ ಮತ ಹಾಕುತ್ತಿದ್ದೆವು, ಆದರೆ ಅಧಿವೇಶನಕ್ಕೆ ಅಪ್ಪಣೆ ಮಾಡುವ ಇಚ್ಛೆಯಿಲ್ಲ ಎಂಬ ಪತ್ರವನ್ನೂ ಬರೆದುಕೊಟ್ಟರು. ಬರ್ನ್ಸ್ ಅವರಿಗೂ ಧೈರ್ಯ ತುಂಬಿದರು. ಅದನ್ನು ನಂಬಿದ ಬರ್ನ್ಸ್ ತಮ್ಮ ಹೆಸರನ್ನು ಸೂಚಿಸುವಂತೆ ಟ್ರೂಮನ್ ಅವರನ್ನೇ ಕೇಳಿಕೊಂಡರು, ಟ್ರೂಮನ್ ಒಪ್ಪಿಯೂ ಬಿಟ್ಟರು. ಇನ್ನೊಂದೆಡೆ ಹ್ಯಾನೆಗನ್ ಅವರ ಕಿಸೆಯಲ್ಲಿ ಟ್ರೂಮನ್ ಅಥವಾ ಡಗ್ಲಸ್ ಇಬ್ಬರಲ್ಲಿ ಯಾರಾದರೂ ತಮಗೆ ಸಂತೋಷವೇ ಎಂಬ ಅಧ್ಯಕ್ಷರ ಇನ್ನೊಂದು ಪತ್ರವಿತ್ತು. ಆ ಪತ್ರದಲ್ಲಿ ಮೊದಲು ಡಗ್ಲಸ್ ಹೆಸರಿತ್ತು, ಹ್ಯಾನೆಗನ್ ಕೋರಿಕೆಯಂತೆ ಕ್ರಮ ಬದಲಿಸಿ ಮತ್ತೆ ಟೈಪು ಮಾಡಲಾಯಿತು ಎಂದು ರೂಸ್‌ವೆಲ್ಟ್ ಅವರ ಕಾರ್ಯದರ್ಶಿ ಗ್ರೇಸ್ ಟಲ್ಲಿ ಮುಂದೆ ಬರೆದರು. ಹಲವು ಸಂಶೋಧಕರು ಈ ನೆನಪನ್ನು ಅನುಮಾನದಿಂದ ನೋಡಿದ್ದಾರೆ. ಅಧ್ಯಕ್ಷರ ಈ ಬಹುಮುಖ ಭರವಸೆಗಳನ್ನು ಕೆಲವರು ರೋಗಿಯ ದಣಿವೆಂದು, ಕೆಲವರು ಯಾರನ್ನೂ ಮುಖಕ್ಕೆ ನೋಯಿಸಲಾರದ ಹಳೆಯ ಸ್ವಭಾವವೆಂದು, ಇನ್ನು ಕೆಲವರು ಕೊನೆಯ ಗಳಿಗೆಯವರೆಗೂ ಎಲ್ಲ ಎಳೆಗಳನ್ನೂ ಕೈಯಲ್ಲಿಟ್ಟುಕೊಳ್ಳುವ ತಂತ್ರವೆಂದು ವಿವರಿಸುತ್ತಾರೆ. ಮೂರೂ ಬೆರೆತಿದ್ದಿರಬೇಕು, ತಂತ್ರವೇ ಆಗಿದ್ದರೆ ಅದು ಇನ್ನೇನು ಕೈತಪ್ಪುವುದರಲ್ಲಿತ್ತು ಎಂಬುದನ್ನು ಮುಂದಿನ ಘಟನೆಗಳು ತೋರಿಸುತ್ತವೆ.

ಅಧಿವೇಶನ ಜುಲೈ 19ರಂದು ಷಿಕಾಗೊ ಸ್ಟೇಡಿಯಂನಲ್ಲಿ ಆರಂಭವಾಗುವ ಹೊತ್ತಿಗೆ ಬರ್ನ್ಸ್ ಕಣದಿಂದ ಜಾರಿದ್ದರು. ಸಿಐಒ ಎಂಬ ಬಲಿಷ್ಠ ಕಾರ್ಮಿಕ ಒಕ್ಕೂಟದ ರಾಜಕೀಯ ವಿಭಾಗವನ್ನು ನಡೆಸುತ್ತಿದ್ದ ಸಿಡ್ನಿ ಹಿಲ್‌ಮನ್, ತಮ್ಮ ಮೊದಲ ಆಯ್ಕೆ ವ್ಯಾಲೇಸ್, ಅದು ಆಗದಿದ್ದರೆ ಟ್ರೂಮನ್, ಬರ್ನ್ಸ್ ಮಾತ್ರ ಬೇಡ ಎಂದು ಸ್ಪಷ್ಟಪಡಿಸಿದ್ದರು. ಆದರೆ ಟ್ರೂಮನ್ ಇನ್ನೂ ಒಲ್ಲೆನೆನ್ನುತ್ತಿದ್ದರು. ಬ್ಲ್ಯಾಕ್‌ಸ್ಟನ್ ಹೋಟೆಲಿನ ಕೋಣೆಯೊಂದರಲ್ಲಿ ಅವರನ್ನು ಕೂರಿಸಿಕೊಂಡು, ಸ್ಯಾನ್ ಡಿಯೇಗೊದಲ್ಲಿದ್ದ ಅಧ್ಯಕ್ಷರಿಗೆ ಹ್ಯಾನೆಗನ್ ಫೋನು ಹಚ್ಚಿದರು. ರೂಸ್‌ವೆಲ್ಟ್ ಅವರ ಗಟ್ಟಿ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಯುದ್ಧದ ನಡುವೆ ಪಕ್ಷವನ್ನು ಒಡೆಯಬೇಕೆಂದಿದ್ದರೆ ಅದರ ಹೊಣೆ ಆ ಮನುಷ್ಯನದೇ ಎಂದು ಹೇಳಿ ಅವರು ಫೋನಿಟ್ಟರು ಎಂಬುದು ಟ್ರೂಮನ್ ಅವರದೇ ನೆನಪು. ಟ್ರೂಮನ್ ಒಪ್ಪಿದರು.

ಧಣಿಗಳಿಗೆ ಅಭ್ಯರ್ಥಿ ಸಿಕ್ಕಿದ್ದರು, ಸಭೆ ಇನ್ನೂ ಸಿಕ್ಕಿರಲಿಲ್ಲ. ಜುಲೈ 20ರ ಸಂಜೆ ರೂಸ್‌ವೆಲ್ಟ್ ಅವರ ಹೆಸರನ್ನು ಅನುಮೋದಿಸಲು ನಿಂತ ವ್ಯಾಲೇಸ್, ರಾಜಿಯ ಸೊಲ್ಲಿಲ್ಲದೆ, ಮುಂದಿನ ದಿನಗಳು ಉದಾರವಾದಿಗಳವೆಂದೂ, ಬಣ್ಣ, ಲಿಂಗಗಳ ಭೇದವಿಲ್ಲದ ಸಮಾನ ಅವಕಾಶ ಬೇಕೆಂದೂ ಭಾಷಣ ಮಾಡಿದರು. ಆ ರಾತ್ರಿ ರೂಸ್‌ವೆಲ್ಟ್ ರೇಡಿಯೊ ಮೂಲಕ ಉಮೇದುವಾರಿಕೆಯನ್ನು ಸ್ವೀಕರಿಸಿದ ಮೇಲೆ, ಕಾರ್ಮಿಕ ಸಂಘಗಳವರು ತುಂಬಿದ್ದ ಗ್ಯಾಲರಿಗಳಿಂದ ವ್ಯಾಲೇಸ್ ಬೇಕು ಎಂಬ ಘೋಷಣೆ ಎದ್ದು, ಆರ್ಗನ್ ವಾದ್ಯದಲ್ಲಿ ಅಯೊವಾದ ಜೋಳದ ಹಾಡು ಮತ್ತೆ ಮತ್ತೆ ಮೊಳಗಿ, ಸಭೆ ಒಂದೇ ಹುಯಿಲಾಯಿತು. ಆ ಕ್ಷಣದಲ್ಲೇ ಮತಕ್ಕೆ ಹಾಕಿದ್ದರೆ ವ್ಯಾಲೇಸ್ ಗೆಲ್ಲುತ್ತಿದ್ದರೆಂದು ಹಲವರು ನಂಬಿದ್ದಾರೆ. ಫ್ಲಾರಿಡಾದ ಸೆನೆಟರ್ ಕ್ಲಾಡ್ ಪೆಪ್ಪರ್, ವ್ಯಾಲೇಸ್ ಅವರ ಹೆಸರನ್ನು ಸೂಚಿಸಲೆಂದು ಜನರನ್ನು ಸೀಳಿಕೊಂಡು ವೇದಿಕೆಯ ಕಡೆಗೆ ನುಗ್ಗಿದರು. ಅತ್ತ ಮೇಯರ್ ಕೆಲ್ಲಿ, ಇಷ್ಟು ಜನ ಒಳಗಿರುವುದು ಬೆಂಕಿಯ ಅಪಾಯಕ್ಕೆ ಆಹ್ವಾನವೆಂಬ ನೆಪ ಹಿಡಿದರು. ಪೆಪ್ಪರ್ ಮೆಟ್ಟಿಲ ಬಳಿ ಬರುವಷ್ಟರಲ್ಲಿ ಅಧಿವೇಶನದ ಅಧ್ಯಕ್ಷ ಸ್ಯಾಮ್ಯುಯೆಲ್ ಜಾಕ್ಸನ್ ಸಭೆಯನ್ನು ಮರುದಿನಕ್ಕೆ ಮುಂದೂಡಿ ಸುತ್ತಿಗೆ ಕುಟ್ಟಿಬಿಟ್ಟರು.

ಒಂದು ರಾತ್ರಿ ಸಾಕಾಯಿತು. ಮರುದಿನ ಪ್ರವೇಶಚೀಟಿಗಳ ಮೇಲೆ ಕೆಲ್ಲಿಯವರ ಪೊಲೀಸರ ಕಣ್ಣಿತ್ತು, ಗ್ಯಾಲರಿಗಳು ತಣ್ಣಗಾಗಿದ್ದವು. ಮೊದಲ ಸುತ್ತಿನಲ್ಲಿ ವ್ಯಾಲೇಸ್ 429½, ಟ್ರೂಮನ್ 319½ ಮತ ಪಡೆದರು. ಗೆಲುವಿಗೆ ಬೇಕಾದದ್ದು 589. ಉಳಿದ ಮತಗಳೆಲ್ಲ ಆಯಾ ರಾಜ್ಯಗಳ ‘ಮನೆಮಗ’ರ ಹೆಸರಿನಲ್ಲಿದ್ದವು. ಮನೆಮಗನೆಂದರೆ ಗೆಲ್ಲುವ ಆಸೆಯಿಂದಲ್ಲದೆ, ರಾಜ್ಯದ ಮತಗಳನ್ನು ಚೌಕಾಶಿಗಾಗಿ ಕೂಡಿಡಲೆಂದು ನಿಲ್ಲಿಸಿದ ಅಭ್ಯರ್ಥಿ. ವಿರಾಮ ಕೊಡದೆ ಎರಡನೆಯ ಸುತ್ತು ನಡೆಯಿತು. ಮನೆಮಗರು ಒಬ್ಬೊಬ್ಬರಾಗಿ ಹಿಂದೆ ಸರಿದರು, ಕೂಡಿಟ್ಟ ಮತಗಳು ಹರಿದು ಬಂದವು, ಒಮ್ಮೆ ಒಲವು ಗೊತ್ತಾದ ಮೇಲೆ ಮೊದಲು ಹಾಕಿದ ಮತವನ್ನೇ ಬದಲಿಸಲು ರಾಜ್ಯಗಳು ಮುಗಿಬಿದ್ದವು. ಅಂತಿಮ ಲೆಕ್ಕ ಟ್ರೂಮನ್ 1,031, ವ್ಯಾಲೇಸ್ 105. ಟ್ರೂಮನ್ ಅವರ ಸ್ವೀಕಾರ ಭಾಷಣ ಒಂದು ನಿಮಿಷವನ್ನೂ ದಾಟಲಿಲ್ಲ.

ಭಾವಿ ಅಧ್ಯಕ್ಷರನ್ನು ಆರಿಸುತ್ತಿದ್ದೇವೆಂದು ಬಲ್ಲವರು ಆರಿಸಿದ ಈ ವ್ಯಕ್ತಿಯನ್ನು ಆ ಹುದ್ದೆಗೆ ಸಿದ್ಧಪಡಿಸುವ ಕೆಲಸವನ್ನು ಯಾರೂ ಮಾಡಲಿಲ್ಲವೆಂಬುದು ಈ ಕಥೆಯ ಅತ್ಯಂತ ವಿಚಿತ್ರ ಭಾಗ. ಆಗಸ್ಟ್ 18ರಂದು ಶ್ವೇತಭವನದ ಹುಲ್ಲುಹಾಸಿನ ಮೇಲೆ ಇಬ್ಬರೂ ಊಟ ಮಾಡಿದಾಗ, ರೂಸ್‌ವೆಲ್ಟ್ ಅವರ ಕೈ ನಡುಗುವುದನ್ನು ಕಂಡು ಟ್ರೂಮನ್ ಗಾಬರಿಯಾದರು. ನವೆಂಬರಿನಲ್ಲಿ ಜೋಡಿ 432–99 ಮತಗಳಿಂದ ಗೆದ್ದಿತು. ಟ್ರೂಮನ್ ಉಪಾಧ್ಯಕ್ಷರಾಗಿದ್ದದ್ದು 82 ದಿನ. ಆ ಅವಧಿಯಲ್ಲಿ ಅವರನ್ನು ಯಾಲ್ಟಾ ಶೃಂಗಸಭೆಗೂ ಕರೆದೊಯ್ಯಲಿಲ್ಲ, ಅಣುಬಾಂಬಿನ ಯೋಜನೆಯ ಗುಟ್ಟನ್ನೂ ತಿಳಿಸಲಿಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ತೀರಿಕೊಂಡ ಸಂಜೆ, ಪ್ರಮಾಣವಚನ ಮುಗಿದ ಮೇಲೆ, ಯುದ್ಧಸಚಿವ ಹೆನ್ರಿ ಸ್ಟಿಮ್ಸನ್ ಅಪಾರ ಶಕ್ತಿಯ ಸ್ಫೋಟಕವೊಂದು ತಯಾರಾಗುತ್ತಿದೆಯೆಂದಷ್ಟೇ ಹೇಳಿದರು. ಪೂರ್ಣ ವಿವರ ಸಿಕ್ಕಿದ್ದು ಏಪ್ರಿಲ್ 25ರಂದು. ವ್ಯಾಲೇಸ್ ಅವರಿಗಾದರೋ ಈ ಸಂಗತಿ ಮೂರೂವರೆ ವರ್ಷಗಳ ಹಿಂದೆಯೇ ಗೊತ್ತಿತ್ತು: 1941ರ ಅಕ್ಟೋಬರ್ 9ರಂದು ವಿಜ್ಞಾನಿ ವನೆವರ್ ಬುಷ್ ಬಾಂಬಿನ ಸಾಧ್ಯತೆಯನ್ನು ರೂಸ್‌ವೆಲ್ಟ್ ಅವರಿಗೆ ವಿವರಿಸಿದಾಗ ಉಪಾಧ್ಯಕ್ಷರು ಪಕ್ಕದಲ್ಲೇ ಕೂತಿದ್ದರು.

ಷಿಕಾಗೊದಲ್ಲಿ ಸ್ಪರ್ಧಿಸಿದ್ದ ಮೂವರೂ 1945ರ ಬೇಸಿಗೆಯಲ್ಲಿ ಒಂದೇ ಸಂಪುಟದ ಮೇಜಿನ ಸುತ್ತ ಸೇರಿದರು. ಟಿಕೆಟ್ಟಿಗೆ ಭಾರವೆನಿಸಿದ್ದ ಬರ್ನ್ಸ್ ಅವರನ್ನು ಟ್ರೂಮನ್ ವಿದೇಶಾಂಗ ಸಚಿವರನ್ನಾಗಿ ಮಾಡಿಕೊಂಡರು. ರೂಸ್‌ವೆಲ್ಟ್ ಸಮಾಧಾನಕ್ಕೆಂದು ಜೋನ್ಸ್ ಅವರನ್ನು ತೆಗೆದು ಕೊಟ್ಟಿದ್ದ ವಾಣಿಜ್ಯ ಖಾತೆಯಲ್ಲಿ ವ್ಯಾಲೇಸ್ ಮುಂದುವರಿದರು. ಈ ಏರ್ಪಾಡು ಬಹಳ ಕಾಲ ಬಾಳಲಿಲ್ಲ. 1946ರ ಸೆಪ್ಟೆಂಬರ್ 12ರಂದು ವ್ಯಾಲೇಸ್ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಸೋವಿಯತ್ ಒಕ್ಕೂಟದೊಡನೆ ಬಿಗಿನೀತಿ ಸಲ್ಲದೆಂದು ಭಾಷಣ ಮಾಡಿದರು; ಅದನ್ನು ಮೊದಲೇ ನೋಡಿದ್ದ ಟ್ರೂಮನ್ ಒಪ್ಪಿಗೆ ಕೊಟ್ಟಿದ್ದರು. ಪ್ಯಾರಿಸ್ಸಿನಲ್ಲಿ ಅದೇ ಬಿಗಿನೀತಿಯನ್ನು ನಡೆಸುತ್ತಿದ್ದ ಬರ್ನ್ಸ್ ರಾಜೀನಾಮೆಯ ಬೆದರಿಕೆ ಹಾಕಿದರು. ಸೆಪ್ಟೆಂಬರ್ 20ರಂದು ವ್ಯಾಲೇಸ್ ಅವರಿಂದ ರಾಜೀನಾಮೆ ಪಡೆಯಲಾಯಿತು. ವ್ಯಾಲೇಸ್ ಅಧ್ಯಕ್ಷರಾಗಿದ್ದರೆ ಶೀತಲ ಸಮರವನ್ನು ತಪ್ಪಿಸಬಹುದಾಗಿತ್ತು ಎಂದು ಪೀಟರ್ ಕುಜ್ನಿಕ್ ಅವರಂಥ ಇತಿಹಾಸಕಾರರು ವಾದಿಸುತ್ತಾರೆ. ಸ್ಟಾಲಿನ್ನನ ಉದ್ದೇಶಗಳನ್ನು ವ್ಯಾಲೇಸ್ ಅರಿಯಲಿಲ್ಲ, ಸೈಬೀರಿಯಾದ ಕೋಲಿಮಾದಲ್ಲಿ ಕೈದಿಗಳ ಶಿಬಿರಗಳನ್ನು ಮರೆಮಾಡಿ ತೋರಿಸಿದ ಊರುಗಳನ್ನೇ ನಿಜವೆಂದು ನಂಬಿ ಬಂದವರು ಅವರು ಎಂಬುದು ಎದುರು ಪಕ್ಷದ ವಾದ. 1952ರಲ್ಲಿ ವ್ಯಾಲೇಸ್ ಸ್ವತಃ ಲೇಖನವೊಂದರಲ್ಲಿ ತಮ್ಮ ತಪ್ಪನ್ನು ಒಪ್ಪಿಕೊಂಡದ್ದು ಇವರಿಗೆ ಬಲ ಕೊಡುತ್ತದೆ. ಆದರೂ ನಡೆಯದ ಇತಿಹಾಸವನ್ನು ವ್ಯಾಲೇಸ್ ಅವರ ನಂತರದ ಪಶ್ಚಾತ್ತಾಪದಿಂದ ಅಳೆಯುವುದು ಪೂರ್ತಿ ನ್ಯಾಯವಲ್ಲ. ಅಧಿಕಾರದ ಹೊಣೆ ಹೊತ್ತ ವ್ಯಾಲೇಸ್, ಅದನ್ನು ಕಳೆದುಕೊಂಡ ವ್ಯಾಲೇಸ್‌ಗಿಂತ ಬೇರೆಯಾಗಿರುತ್ತಿದ್ದರೇನೋ.

ದಕ್ಷಿಣದವರ ಲೆಕ್ಕವಂತೂ ಸಂಪೂರ್ಣ ತಲೆಕೆಳಗಾಯಿತು. ವ್ಯಾಲೇಸ್ ತೊಲಗಿದರೆ ವರ್ಣಭೇದದ ಕಟ್ಟಳೆಗಳು ಸುರಕ್ಷಿತವೆಂದು ನಂಬಿ ಅವರು ಗಡಿರಾಜ್ಯದ ಟ್ರೂಮನ್ ಅವರಿಗೆ ಮತ ಕೊಟ್ಟಿದ್ದರು. ಅದೇ ಟ್ರೂಮನ್ 1948ರ ಜುಲೈ 26ರಂದು ಸೇನೆಯಲ್ಲಿ ವರ್ಣಭೇದವನ್ನು ಕೊನೆಗೊಳಿಸುವ ಆಜ್ಞೆ ಹೊರಡಿಸಿದರು. ಆ ವರ್ಷದ ಚುನಾವಣೆಯಲ್ಲಿ ದಕ್ಷಿಣದ ಬಂಡಾಯಗಾರರು ಸ್ಟ್ರಾಮ್ ಥರ್ಮಂಡ್ ಅವರನ್ನು ನಿಲ್ಲಿಸಿದರು. ವ್ಯಾಲೇಸ್ ಹೊಸ ಪಕ್ಷ ಕಟ್ಟಿ ಎಡದಿಂದ ನಿಂತು, ರೋರಿಚ್ ಅವರಿಗೆ ಬರೆದ ಪತ್ರಗಳು ಈಗ ಪತ್ರಿಕೆಯಲ್ಲಿ ಬಯಲಾಗಿ ನಗೆಪಾಟಲಾಗಿ, ಶೇಕಡ 2.4ರಷ್ಟು ಮತ ಪಡೆದರು. ಎರಡು ಕಡೆಯಿಂದಲೂ ಸೀಳಿದ ಪಕ್ಷವನ್ನಿಟ್ಟುಕೊಂಡೇ ಟ್ರೂಮನ್ ಗೆದ್ದರು.

ಆ ಗೆಲುವಿಗೆ ಮುನ್ನ ಅವರೂ ಜೊತೆಗಾರರೊಬ್ಬರನ್ನು ಆರಿಸಬೇಕಾಗಿತ್ತು. ಮೊದಲು ಕೇಳಿದ್ದು 1944ರ ಪತ್ರದಲ್ಲಿ ತಮ್ಮೊಂದಿಗೆ ಹೆಸರು ಹಂಚಿಕೊಂಡಿದ್ದ ನ್ಯಾಯಮೂರ್ತಿ ಡಗ್ಲಸ್ ಅವರನ್ನು, ಅವರು ಒಲ್ಲೆನೆಂದರು. ಆಗ ಹುದ್ದೆ ಹೋದದ್ದು, ನಾಲ್ಕು ವರ್ಷಗಳ ಹಿಂದೆ 66ಕ್ಕೇ ಮುದುಕರಾದರೆಂದು ಧಣಿಗಳು ಬದಿಗಿಟ್ಟಿದ್ದ, ಈಗ 70 ತುಂಬಿದ್ದ ಆಲ್ಬನ್ ಬಾರ್ಕ್ಲಿ ಅವರಿಗೆ. 1949ರಲ್ಲಿ ಕಾನೂನು ತಿದ್ದುಪಡಿಯಾಗಿ, ಯುದ್ಧ ಮತ್ತು ರಕ್ಷಣೆಯ ಗುಟ್ಟುಗಳನ್ನು ಚರ್ಚಿಸುವ ರಾಷ್ಟ್ರೀಯ ಭದ್ರತಾ ಮಂಡಳಿಯಲ್ಲಿ ಉಪಾಧ್ಯಕ್ಷರಿಗೆ ಕಾಯಂ ಸ್ಥಾನ ದೊರೆಯಿತು. ಆ ಕುರ್ಚಿಯಲ್ಲಿ ಮೊದಲು ಕೂತವರು ಬಾರ್ಕ್ಲಿ.